ಶಾಂತವ್ವ ಆಡಿದ ಅರ್ಧ ಮಾತು

ಕನ್ನಡದ ವಿಷಯದಲ್ಲಿ ನನಗೆ ತುಸು ಕೊಬ್ಬಿತ್ತು. ತುಸು ಎಂದೆನೆ? ಚೆನ್ನಾಗಿಯೇ ಇತ್ತು. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷದ ಹಿಂದೆ ಗಂಡ ಶ್ಯಾಮಸುಂದರನ ಜೊತೆ ಟೆಕ್ಸಸ್ಸಿಗೆ ಬಂದವಳು ನಾನು. ಹೆಸರು ರಾಜಲಕ್ಷ್ಮಿ. ಮನೆ ಡಾಲಸ್ ಹತ್ತಿರದ ಫ್ಲವರ್ ಮೌಂಡ್‌ನಲ್ಲಿ. ಭಾನುವಾರ ಬೆಳಿಗ್ಗೆ ಪಕ್ಕದ ಕ್ಯಾರಲ್ಟನ್ನಿನ ಒಂದು ಸಭಾಂಗಣದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಪೂರ್ಣವಿರಾಮ ಮರೆತ ಮಗುವಿನ ಪುಸ್ತಕಕ್ಕೆ ನನ್ನ ಕೆಂಪು ಪೆನ್ನು ಬಿದ್ದೇ ಬೀಳುತ್ತಿತ್ತು. ವಾಕ್ಯ ಎಲ್ಲಿ ಮುಗಿಯಿತು ಎಂದು ಓದುವವರಿಗೆ ಹೇಗೆ ಗೊತ್ತಾಗಬೇಕು ಎಂದು ಗದರುತ್ತಿದ್ದೆ.

ಈರಣ್ಣನ ಮಗಳು ವಾಣಿಶ್ರೀ ಆ ತರಗತಿಗೆ ಬರುತ್ತಿದ್ದಳು. ಅವಳು 'ನಾ ಬರಲಿಕತ್ತೇನಿ' ಎಂದು ಬರೆದರೆ ನಾನು ಅದನ್ನು ಹೊಡೆದು ಹಾಕಿ 'ನಾನು ಬರುತ್ತಿದ್ದೇನೆ' ಎಂದು ಮೇಲೆ ಬರೆಯುತ್ತಿದ್ದೆ. ಈರಣ್ಣ ಗದಗಿನವರು. ಕ್ಯಾರಲ್ಟನ್ನಿನಲ್ಲೇ ಅವರದೊಂದು ಗ್ಯಾಸ್ ಸ್ಟೇಷನ್ನಿನ, ಅಂದರೆ ಪೆಟ್ರೋಲ್ ಬಂಕಿನ, ಅಂಗಡಿ ಇತ್ತು. ತರಗತಿಗೆ ಪ್ರತಿ ವಾರ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತು ತಂದು ಇಳಿಸಿ, ಮಗಳ ಪುಸ್ತಕ ತಿರುವಿ ನೋಡಿ ನಗುತ್ತಿದ್ದರು.

"ಟೀಚರ್ರ, ನಿಮ್ಮ ಕನ್ನಡ ಭಾಳ ಚಲೋ ಅದ. ಕಲಸ್ರಿ. ಆದ್ರ ನಮ್ಮ ಕನ್ನಡಾ ಮರಸಬ್ಯಾಡ್ರಿ ಮತ್ತ."

ಅವರ ಮಾತು ತಮಾಷೆ ಎಂದುಕೊಂಡು ನಾನೂ ನಗುತ್ತಿದ್ದೆ.

೨೦೧೧ರ ಏಪ್ರಿಲ್‌ನಲ್ಲಿ, ಬೆಳಿಗ್ಗೆ ಆರಕ್ಕೆ ಅಂಗಡಿ ತೆರೆಯುವ ಹೊತ್ತಿಗೆ, ವೆಸ್ಲಿ ಹಾರ್ಗಿಸ್ ಎಂಬ ಇಪ್ಪತ್ತು ವರ್ಷದವನು ಒಳಗೆ ಬಂದು ಈರಣ್ಣನವರ ಎದೆಗೆ ಗುಂಡು ಹೊಡೆದ. ಗಲ್ಲಾದಲ್ಲಿದ್ದುದನ್ನೆಲ್ಲ ಈರಣ್ಣ ಆಗಲೇ ಕೊಟ್ಟುಬಿಟ್ಟಿದ್ದರು. ವೆಸ್ಲಿ ಆ ಅಂಗಡಿಗೆ ಹೊಸಬನೂ ಅಲ್ಲ, ದಿನಾ ಕಾಫಿಗೆ ಬರುತ್ತಿದ್ದವನು. ಮಾದಕ ಪದಾರ್ಥದ ಮಂಪರಿನಲ್ಲಿದ್ದೆ, ಕೈ ನಡುಗಿತು ಎಂದು ಆಮೇಲೆ ಪೊಲೀಸರಿಗೆ ಹೇಳಿದನಂತೆ. ಕೈ ನಡುಗಿದರೆ ಏನು, ಬಿಟ್ಟರೆ ಏನು! ವಾಣಿಶ್ರೀಗೆ ಆಗ ಒಂಬತ್ತು ವರ್ಷ. ಅವನು ನನ್ನ ಕೈಗೆ ಸಿಕ್ಕಿದ್ದರೆ ನಾನೇ ಕತ್ತು ಹಿಸುಕುತ್ತಿದ್ದೆ. ಇದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಬೇರು.

ಮರುವರ್ಷ ಫೆಬ್ರವರಿಯಲ್ಲಿ ಸರ್ಕಾರಿ ವಕೀಲರ ಕಚೇರಿಯಿಂದ ಈರಣ್ಣನ ಹೆಂಡತಿ ಶಾಂತವ್ವನಿಗೆ ಕರೆ ಬಂತು. ಆಕೆ ಅಮೆರಿಕಕ್ಕೆ ಬಂದು ನಾಲ್ಕು ವರ್ಷವಾಗಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡದ ದುಭಾಷಿ ಸಿಗಲಿಲ್ಲವೆಂದು ತೆಲುಗಿನವರಾದರೆ ನಡೆಯುತ್ತದೆಯೇ ಎಂದು ಕೇಳಿದ್ದರಂತೆ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾನೇ ಬರುತ್ತೇನೆ ಎಂದು ಹೊರಟೆ.

ಸಣ್ಣ ಕೋಣೆ. ಉದ್ದ ಮೇಜು, ಅದರ ಮೇಲೆ ಒಂದು ಟಿಶ್ಯೂ ಡಬ್ಬಿ. ಸರ್ಕಾರಿ ವಕೀಲರು ಮರ್ಯಾದಸ್ಥ ಮನುಷ್ಯ. ನಿಧಾನವಾಗಿ ವಿವರಿಸಿದರು. ವೆಸ್ಲಿ ತಪ್ಪೊಪ್ಪಿಕೊಳ್ಳಲು ತಯಾರಿದ್ದಾನೆ. ಅದಕ್ಕೆ ಕಚೇರಿ ಒಪ್ಪಿದರೆ ವಿಚಾರಣೆ ಇಲ್ಲ, ಅವನು ಸಾಯುವವರೆಗೆ ಜೈಲಿನಲ್ಲಿರುತ್ತಾನೆ. ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ, ಆಗ ಕಚೇರಿ ಮರಣದಂಡನೆ ಕೇಳುತ್ತದೆ. ನಿರ್ಧಾರ ಕಚೇರಿಯದೇ, ಆದರೂ ಗಂಡನನ್ನು ಕಳೆದುಕೊಂಡವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆ ಮುಂದೆ ಹೋಗಲು ಅವರಿಗೆ ಇಷ್ಟವಿಲ್ಲ.

ನಾನು ಅದನ್ನೆಲ್ಲ ಶಾಂತವ್ವನಿಗೆ ಕನ್ನಡದಲ್ಲಿ ಹೇಳಿದೆ. ಆಕೆ ಮೇಜನ್ನೇ ನೋಡುತ್ತ ಹೇಳಿದರು:

"ನಮ್ಮವರಂತೂ ಹೋದ್ರು. ಹೋಗ್ಲಿ ಬಿಡ್ರಿ ಅವನೂ..."

ಅಷ್ಟರಲ್ಲಿ ಅಳು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ತುಂಬಿಕೊಂಡರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಮೈ ಹಸ್ಬೆಂಡ್ ಈಸ್ ಗಾನ್. ಲೆಟ್ ಹಿಮ್ ಗೋ ಟೂ.

ವಕೀಲರ ಹುಬ್ಬು ಮೇಲೇರಿತು. ಬಿಟ್ಟುಬಿಡಿ ಅನ್ನುತ್ತಿದ್ದಾರೆಯೇ, ಬಿಡುಗಡೆ ಮಾಡಿ ಅಂತಲೇ ಎಂದು ಕೇಳಿದರು. ಆ ಕ್ಷಣದಲ್ಲಿ ನಾನು ಶಾಂತವ್ವನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅಳುತ್ತಿರುವವರನ್ನು ಏನು ಕೇಳುವುದು ಎಂದು ಸಮಾಧಾನ ಹೇಳಿಕೊಂಡೆನೋ, ಕನ್ನಡ ನನಗೆ ಗೊತ್ತಿಲ್ಲವೇ ಎಂಬ ಜಂಬವೋ, ಎರಡೂ ಇರಬೇಕು. ಅಲ್ಲ ಸಾರ್, ನಮ್ಮ ಭಾಷೆಯಲ್ಲಿ ಹೋಗುವುದು ಅಂದರೆ ಸಾಯುವುದು ಎಂದು ವಕೀಲರಿಗೆ ವಿವರಿಸಿದೆ. ನನ್ನ ಗಂಡ ಸತ್ತ, ಅವನೂ ಸಾಯಲಿ ಬಿಡಿ ಎನ್ನುತ್ತಿದ್ದಾರೆ ಎಂದೆ. ಅವರು ಬರೆದುಕೊಂಡರು. ವ್ಯಾಕರಣ ಬಿಡಿಸಿ ಹೇಳಿದ ಖುಷಿಯಲ್ಲಿ ನಾನು ಮನೆಗೆ ಬಂದೆ.

ಕಚೇರಿ ಒಪ್ಪಂದವನ್ನು ನಿರಾಕರಿಸಿತು. ವಿಚಾರಣೆ ನಡೆಯಿತು, ಮರಣದಂಡನೆಯಾಯಿತು. 'ಅವನೂ ಹೋಗಲಿ ಎಂದ ವಿಧವೆ' ಎಂದು ಪತ್ರಿಕೆಯೊಂದು ಬರೆಯಿತು. ನಾನು ಅದನ್ನು ಕತ್ತರಿಸಿ ಇಟ್ಟುಕೊಂಡೆ. ಶಾಂತವ್ವ ಅಂಗಡಿ ಮಾರಿ, ಮಗಳನ್ನು ಕಟ್ಟಿಕೊಂಡು ಹ್ಯೂಸ್ಟನ್ ಕಡೆ, ಸೈಪ್ರೆಸ್‌ನಲ್ಲಿದ್ದ ತಮ್ಮನ ಮನೆಗೆ ಹೋದರು. ಯುಗಾದಿಗೊಂದು ಫೋನು, ದೀಪಾವಳಿಗೊಂದು ಫೋನು, ಅಷ್ಟೇ ಉಳಿಯಿತು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಆಸ್ಟಿನ್ನಿನಿಂದ ಒಬ್ಬ ವಕೀಲೆ ಫೋನ್ ಮಾಡಿದಳು. ವೆಸ್ಲಿಯ ಪರ ವಾದಿಸುವವಳು. ಅವನ ಮರಣದಂಡನೆಗೆ ದಿನ ಗೊತ್ತಾಗಿತ್ತು. ಇನ್ನು ಐದು ವಾರ. ಕ್ಷಮಾದಾನದ ಮಂಡಳಿಗೆ ಅರ್ಜಿ ಹಾಕಬೇಕು, ಸತ್ತವರ ಹೆಂಡತಿಯ ಮನಸ್ಸು ಬದಲಾಗಿದೆಯೇ ಎಂದು ಕೇಳಬೇಕು, ಫೈಲಿನಲ್ಲಿ ದುಭಾಷಿ ಎಂದು ನಿಮ್ಮ ಹೆಸರಿದೆ, ಸಹಾಯ ಮಾಡುತ್ತೀರಾ ಎಂದಳು.

ನಾನು ಮಾಡುವುದಿಲ್ಲ ಎನ್ನುವವಳೇ ಇದ್ದೆ. ಅಷ್ಟರಲ್ಲಿ ಅವಳು ಅವನು ಇರುವ ಬಗೆ ಹೇಳತೊಡಗಿದಳು. ಲಿವಿಂಗ್‌ಸ್ಟನ್ ಹತ್ತಿರದ ಜೈಲು. ಬಚ್ಚಲುಮನೆಯಷ್ಟು ಕೋಣೆಯಲ್ಲಿ ದಿನಕ್ಕೆ ಇಪ್ಪತ್ತೆರಡು ಗಂಟೆ ಒಬ್ಬನೇ. ಕಿಟಕಿ ಎಂದರೆ ಮಂಚದ ಮೇಲೆ ಹತ್ತಿ ನಿಂತರೆ ಮಾತ್ರ ಕಣ್ಣಿಗೆಟಕುವ ಒಂದು ಸೀಳು. ತಾಯಿ ವಾರಕ್ಕೊಮ್ಮೆ ಬರುತ್ತಾಳೆ, ಗಾಜಿನ ಆಚೆ ಕೂತು ಫೋನಿನಲ್ಲಿ ಮಾತಾಡುತ್ತಾಳೆ. ಹದಿಮೂರು ವರ್ಷದಿಂದ ಅವಳು ಮಗನನ್ನು ಮುಟ್ಟಿಲ್ಲ.

"ಮೊದಲ ಮೂರು ವರ್ಷ ಅವನು ಅಪೀಲೇ ಬೇಡ ಅಂದಿದ್ದ," ಎಂದಳು ವಕೀಲೆ. "ಆ ಹೆಂಗಸು ನಾನು ಹೋಗಲಿ ಅಂದಿದ್ದಾಳೆ, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ನಾನು ಹೋಗ್ತೀನಿ ಅಂತಿದ್ದ."

ಸೈಪ್ರೆಸ್‌ಗೆ ಹೋಗಿ ಕೇಳುತ್ತೇನೆ ಎಂದೆ. ಆಗಲೂ ನನ್ನ ಮನಸ್ಸೇನೂ ಕರಗಿರಲಿಲ್ಲ. ಶಾಂತವ್ವ ಬೇಡವೆನ್ನುತ್ತಾರೆ, ಕೇಳಿದ ಶಾಸ್ತ್ರ ಮುಗಿಯುತ್ತದೆ ಎಂದುಕೊಂಡಿದ್ದೆ.

ನಾಲ್ಕು ಗಂಟೆ ಡ್ರೈವ್ ಮಾಡಿ ಹೋದೆ. ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲಿನಲ್ಲಿ ಅವರದನ್ನು ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ವಾಣಿಶ್ರೀ ಬಾಗಿಲು ತೆಗೆದಳು. ಈಗ ಇಪ್ಪತ್ತಮೂರರ ಹುಡುಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಶಾಂತವ್ವ ಚಹಾ ಮಾಡಿ, ಶೇಂಗಾ ಹೋಳಿಗೆ ಮುಂದಿಟ್ಟು, ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಸೋಜಿಗದಿಂದ ನನ್ನ ಮುಖ ನೋಡಿದರು.

"ಇದೇನ್ರಿ ಅಕ್ಕಾರ, ಈಗ್ಯಾಕ ಕೇಳ್ತಾರ ಅವ್ರು? ನಾ ಅವತ್ತ ಹೇಳಿದ್ನೆಲ್ರಿ, ನಿಮ್ಮ ಮುಂದನ. ಹೋಗ್ಲಿ ಬಿಡ್ರಿ, ಅವನೂ ಒಬ್ಬ ತಾಯಿ ಮಗಾ ಅಂತ. ಸರಕಾರದವ್ರು ನನ್ನ ಮಾತು ಕೇಳಲಿಲ್ಲ. ಕೇಳಬೇಕಂತ ಏನೂ ಇರಲಿಲ್ಲ ಬಿಡ್ರಿ, ನಾ ಯಾರು?"

ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗಿಟ್ಟೆ.

ಹೋಗ್ಲಿ ಬಿಡ್ರಿ. ಅಲ್ಲಿಗೆ ಒಂದು ವಾಕ್ಯ ಮುಗಿದಿತ್ತು. 'ಅವನೂ' ಎನ್ನುವುದು ಮುಂದಿನ ವಾಕ್ಯದ ಮೊದಲ ಪದ. ಆಕೆ ಅತ್ತರು, ಆ ವಾಕ್ಯ ಅರ್ಧಕ್ಕೇ ನಿಂತಿತು, ನಾನು ಆ ಅರ್ಧವನ್ನು ಎತ್ತಿ ಹಿಂದಿನದಕ್ಕೆ ಅಂಟಿಸಿಬಿಟ್ಟೆ. ಹಾಲು ಉಕ್ಕಿದರೆ ಹೋಗ್ಲಿ ಬಿಡು ಅನ್ನುತ್ತೇವೆ. ಬಸ್ಸು ತಪ್ಪಿದರೆ, ಲೋಟ ಒಡೆದರೆ, ಯಾರಾದರೂ ಕಾಲು ತುಳಿದರೆ ಅನ್ನುತ್ತೇವೆ. ದಿನಕ್ಕೆ ಹತ್ತು ಸಲ ನಾನೇ ಆಡುವ ಮಾತು. ಪೂರ್ಣವಿರಾಮ ಹಾಕದ ಮಕ್ಕಳನ್ನು ಗದರುವ ನಾನು, ಒಬ್ಬ ಮನುಷ್ಯನ ಪ್ರಾಣ ಇದ್ದ ಕಡೆ ಪೂರ್ಣವಿರಾಮ ನುಂಗಿದ್ದೆ.

"ಆ ಕಚೇರಿಗೆ ಹೋಗೋ ಮೊದಲ ಒಮ್ಮೆ ಕೋರ್ಟಿನ್ಯಾಗ ಆಕೀನ್ನ ನೋಡಿದ್ನಿರಿ, ಅವನ ತಾಯೀನ್ನ," ಎಂದು ಶಾಂತವ್ವ ತಮ್ಮ ಪಾಡಿಗೆ ಹೇಳುತ್ತಿದ್ದರು. "ಮಗಗ ಹಾಕ್ಕೊಳ್ಳಾಕ ಅಂತ ಅಂಗಿ ಇಸ್ತ್ರಿ ಮಾಡಿ ತಂದಿದ್ಲು. ಕೈಯಾಗ ಹಿಡಕೊಂಡು ನಿಂತಿದ್ಲು. ಅದು ಮುದುಡಬಾರದಂತ ಕುರ್ಚಿ ಮ್ಯಾಲ ಕುಂದ್ರಲೂ ಇಲ್ಲ. ನನಗ ನಿದ್ದಿ ಬರಲಿಲ್ಲ ನೋಡ್ರಿ ಅವತ್ತ."

ನಾನು ಎದ್ದು ಹೊರಟೆ. ಕಾರಿನ ತನಕ ವಾಣಿಶ್ರೀ ಬಂದಳು. ಇವಳು ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವತ್ತು ಹುಡುಕಿ ಹುಡುಕಿ ಕನ್ನಡದಲ್ಲಿ ಮಾತಾಡಿದಳು.

"ಆಂಟಿ, ನಾನು ಕೇಸ್ ಪೇಪರ್ಸ್ ಎಲ್ಲಾ ಓದಿದೀನಿ. ಅದ್ರಲ್ಲಿ ಬೇರೆ ಇದೆ. ಅಮ್ಮ ಹಾಗೆ ಹೇಳಿದ್ರು ಅಂತಾನೇ ನಾನು ಅಂದ್ಕೊಂಡಿದ್ದೆ. ಕೇಳೋಕೆ ಭಯ ಆಗ್ತಿತ್ತು. ಹದಿಮೂರು ವರ್ಷ ಕೇಳ್ಲಿಲ್ಲ ನಾನು." ಅವಳು ಕಣ್ಣು ಒರೆಸಿಕೊಂಡಳು. "ನೀವೇ ಅಮ್ಮನಿಗೆ ಹೇಳ್ಬೇಕು. ನಾನು ಹೇಳಲ್ಲ."

ಹೇಳುತ್ತೇನೆ ಎಂದು ತಲೆಯಾಡಿಸಿ ಬಂದೆ. ಹೇಳಲಿಲ್ಲ. ಹನ್ನೊಂದು ದಿನ ಹೇಳಲಿಲ್ಲ. ಆಸ್ಟಿನ್ನಿನ ವಕೀಲೆಯ ಫೋನು ಬಂದಾಗಲೆಲ್ಲ ಎತ್ತಲಿಲ್ಲ. ನಾನು ಎಂಥವಳು ಎಂದು ಆ ಹನ್ನೊಂದು ದಿನಗಳು ನನಗೆ ತೋರಿಸಿಕೊಟ್ಟವು. ಒಂದು ಕಡೆ ಒಬ್ಬನ ದಿನಗಳು ಕಳೆಯುತ್ತಿದ್ದವು. ಇನ್ನೊಂದು ಕಡೆ ನಾನು, ರಾಜ್ಯೋತ್ಸವಕ್ಕೆ ನನಗೆ ಸನ್ಮಾನ ಮಾಡುತ್ತಾರಂತೆ, ಇದು ಹೊರಗೆ ಬಂದರೆ ಜನ ಏನಂದಾರು ಎಂದು ಯೋಚಿಸುತ್ತ ಕೂತಿದ್ದೆ.

ಹನ್ನೊಂದನೆಯ ದಿನ, ಭಾನುವಾರ, ನಮ್ಮ ಮನೆಯಲ್ಲಿ ಊಟ. ನಮ್ಮ ಕನ್ನಡ ಕೂಟದ ದುಷ್ಯಂತ್ ಬಂದಿದ್ದ, ಆಸ್ಟಿನ್ನಿನಿಂದ ಮಗಳು ನಿಹಾರಿಕಾ ಬಂದಿದ್ದಳು. ಪೇಪರಿನಲ್ಲಿ ವೆಸ್ಲಿಯ ಸುದ್ದಿ ಬಂದಿದ್ದರಿಂದ ಮಾತು ಅಲ್ಲಿಗೇ ಹೋಯಿತು. ಸರ್ಕಾರಕ್ಕೆ ಜನರನ್ನು ಕೊಲ್ಲುವ ಹಕ್ಕೇ ಇಲ್ಲ ಎಂದು ನಿಹಾರಿಕಾ ಇಂಗ್ಲಿಷಿನಲ್ಲಿ ಹಟ ಹಿಡಿದಳು. ತಪ್ಪು ತಿಳಿದು ಕೊಂದರೆ ವಾಪಸ್ ತರೋಕಾಗುತ್ತಾ ಎಂದು ಕೇಳಿದಳು.

"ತಪ್ಪೆಲ್ಲಿ ಬಂತಮ್ಮ? ಅವ್ನೇ ಒಪ್ಕೊಂಡಿದಾನಲ್ಲ," ಎಂದ ದುಷ್ಯಂತ್. "ಈರಣ್ಣ ಅಂಥ ಒಳ್ಳೆ ಮನುಷ್ಯ. ನಿಮ್ಮಪ್ಪಂಗೇ ಹಾಗಾಗಿದ್ರೆ ಹೀಗೆ ಮಾತಾಡ್ತಿದ್ಯಾ? ಕಳ್ಕೊಂಡೋರಿಗೆ ಗೊತ್ತು ಸಂಕಟ."

"ಅದೇ ನಾನು ಹೇಳೋದು," ಎಂದ ಶ್ಯಾಮಸುಂದರ, ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತ. "ನಾವು ನೀವು ವಾದ ಮಾಡಿ ಏನು ಪ್ರಯೋಜನ? ಹೆಂಡ್ತೀನೇ ಅವನು ಸಾಯ್ಲಿ ಅಂದ್ಲಲ್ಲ. ನಮ್ಮ ರಾಜೀನೇ ಟ್ರಾನ್ಸ್‌ಲೇಟ್ ಮಾಡಿದ್ದು. ಅಲ್ವೇನೇ?"

ಎಲ್ಲರೂ ನನ್ನ ಕಡೆ ನೋಡಿದರು. ದುಷ್ಯಂತನಿಗೂ ಅದೇ ಆಧಾರ, ನನ್ನ ಗಂಡನಿಗೂ ಅದೇ ಆಧಾರ. ಊರಲ್ಲೆಲ್ಲ ಈ ಮಾತು ಎದ್ದಾಗ ಶಾಂತವ್ವನ ಹೆಸರು ಹಿಡಿದೇ ವಾದ ಗೆದ್ದಿದ್ದರು. ಕೈಯಲ್ಲಿದ್ದ ಸೌಟನ್ನು ಪಾತ್ರೆಗಿಟ್ಟೆ. ಅಲ್ಲೇ, ಊಟದ ಮೇಜಿನ ಮುಂದೆ, ಎಲ್ಲ ಹೇಳಿಬಿಟ್ಟೆ. ಯಾರೂ ಊಟ ಮುಗಿಸಲಿಲ್ಲ. ಶ್ಯಾಮಸುಂದರ, "ಯಾರಿಗೂ ಗೊತ್ತಿಲ್ವಲ್ಲ ರಾಜೀ, ಸುಮ್ನಿದ್ಬಿಡು," ಎಂದ. ನಿಹಾರಿಕಾ ನನ್ನ ಕಾರಿನ ಕೀ ತಂದು ಕೈಗಿಟ್ಟಳು.

ಸೈಪ್ರೆಸ್‌ನ ಅದೇ ಮೇಜಿನ ಮುಂದೆ ಕೂತು ಶಾಂತವ್ವನಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ನೀವು ಹೇಳಿದ್ದು ಅವರಿಗೆ ಮುಟ್ಟಲೇ ಇಲ್ಲ, ಅವನೂ ಸಾಯಲಿ ಎಂದಿರಿ ಅಂತ ನಾನೇ ಹೇಳಿದೆ ಎಂದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ನಾನು ಎಣಿಸಿದ್ದಲ್ಲ.

"ಆಕೀಗೂ ಹಂಗ ಹೇಳ್ಯಾರೇನ್ರಿ? ಅವನ ತಾಯಿಗೆ?"

"ಹೌದು, ಶಾಂತವ್ವ. ಕೋರ್ಟಿನಲ್ಲಿ, ಪೇಪರಿನಲ್ಲಿ ಎಲ್ಲಾ ಬಂದಿತ್ತು."

"ಅಂದ್ರ ಆಕೀ ಇಷ್ಟ್ ವರ್ಷ..." ಎಂದು ಅಲ್ಲಿಗೇ ನಿಲ್ಲಿಸಿದರು. ಕೈಯಿಂದ ಮೇಜು ಒರೆಸಿದರು, ಅಲ್ಲಿ ಏನೂ ಚೆಲ್ಲಿರಲಿಲ್ಲ. "ಆ ಕಚೇರಿಯೊಳಗ ನಾ ಆಡಿದ್ದು ಒಂದ ಮಾತ್ರಿ ಅಕ್ಕಾರ. ಅವರು ಸತ್ತ ಮ್ಯಾಲ ನನಗಂತ ಉಳಿದದ್ದು ಅದೊಂದ ಮಾತು. ಅದನ್ನೂ ನೀವು ನಿಮ್ಮದ ಮಾಡ್ಕೊಂಡ್ರಿ."

ನಾನು ಕ್ಷಮೆ ಕೇಳಿದೆ. ಆಕೆ ಒಳಗೆ ಹೋಗಿ ಮಗಳ ಹಳೆಯ ನೋಟ್‌ಬುಕ್ಕೊಂದನ್ನು ತಂದು, ಕ್ಷಮಾದಾನದ ಮಂಡಳಿಗೆ ತಮ್ಮ ಕೈಯಾರೆ ಕನ್ನಡದಲ್ಲಿ ಒಂದು ಪುಟ ಬರೆದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ. ಮಾಡಿದ್ದನ್ನು ನನ್ನ ಕೈಯಿಂದ ತೆಗೆದುಕೊಂಡು ವಾಣಿಶ್ರೀಗೆ ಕೊಟ್ಟು, "ಸರಿ ಅದ ಏನ ನೋಡು," ಎಂದರು. ಹುಡುಗಿ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದಳು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಮೂವರೂ ಆಸ್ಟಿನ್ನಿಗೆ ಹೋದೆವು. ವಕೀಲೆಯ ಕಚೇರಿಯಲ್ಲಿ ನಾನು ಅಫಿಡವಿಟ್‌ಗೆ ಸಹಿ ಹಾಕಿದೆ. ಅರ್ಜಿ ಸಲ್ಲಿಸಲು ಅವತ್ತೇ ಕೊನೆಯ ದಿನ. ವಕೀಲೆ ನನ್ನ ಹೇಳಿಕೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಇದು ನಿಮಗೆ ಯಾವತ್ತು ಗೊತ್ತಾಯಿತು ಎಂದಳು. ಹೇಳಿದೆ. ಹನ್ನೊಂದು ದಿನ ಮೊದಲೇ ಸಿಕ್ಕಿದ್ದರೆ ಕೋರ್ಟಿಗೂ ಹೋಗಲು ಸಮಯವಿರುತ್ತಿತ್ತು ಎಂದು ಶುರು ಮಾಡಿ, ಶಾಂತವ್ವನ ಮುಖ ನೋಡಿ ಸುಮ್ಮನಾದಳು. ಶಾಂತವ್ವನಿಗೆ ಇಂಗ್ಲಿಷ್ ಬಾರದಿದ್ದರೂ ನನ್ನ ಮುಖ ಓದಲು ಬರುತ್ತಿತ್ತು. ಅವಳು ಹೇಳಿದ್ದೇನು ಎಂದು ಆಕೆ ಕೇಳಿದರು, ನಾನು ಹೇಳಿದೆ.

ಅದಾಗಿ ಎರಡೂವರೆ ವಾರಕ್ಕೆ, ಮರಣದಂಡನೆಗೆ ಇನ್ನು ಎರಡೇ ದಿನ ಉಳಿದಿದ್ದಾಗ, ಮಂಡಳಿಯ ತೀರ್ಮಾನ ಬಂತು. ಎಲ್ಲರೂ ಬೇಡವೆಂದು ಮತ ಹಾಕಿದ್ದರು. ಕಾರಣ ಬರೆದಿರಲಿಲ್ಲ. ವಕೀಲೆ ಕೊನೇ ಗಳಿಗೆಯಲ್ಲಿ ಕೋರ್ಟಿಗೂ ಓಡಿದಳು. ಅವನು ಕೊಲೆ ಮಾಡಿದ್ದು ಸುಳ್ಳಲ್ಲ, ಶಿಕ್ಷೆ ಕೊಟ್ಟಿದ್ದು ಜ್ಯೂರಿ, ದುಭಾಷಿಯಲ್ಲ ಎಂದಿತು ಕೋರ್ಟು. ಕಾನೂನಿನ ಪ್ರಕಾರ ಸರಿ ಇರಬಹುದು. ನನ್ನ ತಪ್ಪು ಇಲ್ಲದಿದ್ದರೆ ಜ್ಯೂರಿಯ ತನಕ ಆ ಪ್ರಕರಣ ಹೋಗುತ್ತಲೇ ಇರಲಿಲ್ಲವಲ್ಲ. ಹೋಗುತ್ತಿತ್ತೋ ಏನೋ. ಅದೂ ನನಗೆ ಎಂದಿಗೂ ಗೊತ್ತಾಗುವುದಿಲ್ಲ.

ಆ ದಿನ ಬೆಳಿಗ್ಗೆ ವಾಣಿಶ್ರೀಯ ಫೋನು. ಅಮ್ಮ ಹಂಟ್ಸ್‌ವಿಲ್‌ಗೆ ಹೊರಟಿದ್ದಾರೆ, ನೀವೂ ಬರಬೇಕಂತೆ ಎಂದಳು. ಮರಣದಂಡನೆ ನಡೆಯುವ ಜೈಲು ಇರುವುದು ಅಲ್ಲಿ. ಗಂಡನನ್ನು ಕಳೆದುಕೊಂಡವಳಿಗೆ ಗಾಜಿನ ಈಚೆ ನಿಂತು ಅವನು ಸಾಯುವುದನ್ನು ನೋಡುವ ಹಕ್ಕಿದೆ. ಶಾಂತವ್ವನಿಗೆ ಅದು ಬೇಡ. ಅವನ ತಾಯಿಯನ್ನು ಕಾಣಬೇಕು, ಅಷ್ಟೇ. ವಕೀಲೆ ಏರ್ಪಾಡು ಮಾಡಿದ್ದಳು.

"ನೀನೇ ಮಾತಾಡಿಸಬಹುದಲ್ವಾ ಪುಟ್ಟಿ?" ಎಂದೆ. ಹೋಗಲು ನನಗೆ ಧೈರ್ಯವಿರಲಿಲ್ಲ.

ಫೋನು ಕೈ ಬದಲಾಯಿತು. "ನೀವು ಕೆಡಿಸಿದ್ದು. ನೀವ ಬಂದು ಸರಿ ಮಾಡ್ರಿ," ಎಂದರು ಶಾಂತವ್ವ.

ಡಾಲಸ್‌ನಿಂದ ಹ್ಯೂಸ್ಟನ್‌ಗೆ ಹೋಗುವ ದಾರಿಯಲ್ಲೇ ಹಂಟ್ಸ್‌ವಿಲ್ ಸಿಗುತ್ತದೆ. ಎಷ್ಟು ಸಲ ಅಲ್ಲಿ ಕಾಫಿಗೆ ನಿಲ್ಲಿಸಿದ್ದೇವೋ ಲೆಕ್ಕವಿಲ್ಲ. ಕೈದಿಗಳ ಮನೆಯವರು ತಂಗಲೆಂದು ಚರ್ಚಿನವರು ಅಲ್ಲೊಂದು ಮನೆ ನಡೆಸುತ್ತಾರೆ. ಮಧ್ಯಾಹ್ನ ಮೂರಕ್ಕೆ ಅಲ್ಲಿಗೆ ತಲುಪಿದೆ. ಬಾಗಿಲಲ್ಲೇ ಶಾಂತವ್ವ ನನ್ನನ್ನು ತಡೆದರು. "ನಿಮ್ಮದೇನೂ ಸೇರಿಸಬ್ಯಾಡ್ರಿ. ಇದ್ದದ್ದು ಇದ್ದಂಗ," ಎಂದರು.

ವೆಸ್ಲಿಯ ತಾಯಿ ಡೋರೀನ್ ಹಾರ್ಗಿಸ್ ಸೋಫಾದ ತುದಿಯಲ್ಲಿ ಕೂತಿದ್ದಳು. ಎಪ್ಪತ್ತರ ಹತ್ತಿರ ಇರಬೇಕು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳಂತೆ. ಮಗನೊಂದಿಗಿನ ಕೊನೆಯ ಭೇಟಿ ಮಧ್ಯಾಹ್ನವೇ ಮುಗಿದಿತ್ತು. ಗಾಜಿನ ಆಚೆಯಿಂದಲೇ. ನಮ್ಮನ್ನು ನೋಡಿದರೂ ಏಳಲಿಲ್ಲ.

"ನಾನು ಇವಳನ್ನು ದಿನಾ ದ್ವೇಷಿಸಿದ್ದೇನೆ ಅಂತ ಹೇಳು," ಎಂದಳು ನನಗೆ. "ಬೆಳಿಗ್ಗೆ ಎದ್ದು ಕಾಲು ಕೆಳಗಿಡೋಕೆ ನನಗೆ ಅದೇ ಬಲ ಕೊಡ್ತಿತ್ತು ಅಂತ ಹೇಳು. ವಕೀಲೆ ಏನೋ ಅಫಿಡವಿಟ್ ಅಂತ ಹೇಳಿದಳು. ನನಗೆ ಅರ್ಥ ಆಗಲಿಲ್ಲ. ಕೊನೇ ವಾರದಲ್ಲಿ ಮನಸ್ಸು ಬದಲಾಯಿಸಿದವರನ್ನ ಕಟ್ಟಿಕೊಂಡು ನಾನೇನು ಮಾಡಲಿ?"

ಅಷ್ಟನ್ನೂ ಇದ್ದದ್ದು ಇದ್ದಂತೆ ಕನ್ನಡಕ್ಕೆ ತಂದೆ. ಶಾಂತವ್ವ ತಲೆದೂಗಿದರು.

"ನಾ ಮನಸ ಬದಲ್ ಮಾಡಿಲ್ರಿ. ಮೊದಲ ದಿನದಿಂದ ನಂದು ಒಂದ ಮಾತು. ಅವನ್ನ ಕೊಲ್ಲಬ್ಯಾಡ್ರಿ ಅಂತ. ಅಂಗಿ ಹಿಡಕೊಂಡು ನಿಂತಿದ್ರಲ್ಲ ನೀವು, ಅದನ್ನ ನೋಡಿ ಹೇಳಿದ್ದು."

ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಮುಂದಿನದು ನನ್ನ ಮಾತು ಎಂದು ಅವಳಿಗೆ ತಿಳಿಸಿ, ಆ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಬಿಚ್ಚಿಟ್ಟೆ. ಇವರು ಅಳುತ್ತಿದ್ದುದು, ನಾನು ಕೇಳದೇ ಹೋದದ್ದು, ವಕೀಲರಿಗೆ ವ್ಯಾಕರಣ ಹೇಳಿದ್ದು, ಹನ್ನೊಂದು ದಿನ ಬಚ್ಚಿಟ್ಟುಕೊಂಡದ್ದು. ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದೇ ಹತ್ತಿರ ನಿಂತಿದ್ದೆ.

ಡೋರೀನ್ ನನ್ನ ಕಡೆ ತಿರುಗಿದಳು.

"ಹದಿಮೂರು ವರ್ಷ," ಎಂದಳು. "ಯಾರನ್ನ ದ್ವೇಷಿಸಬೇಕು ಅನ್ನೋದನ್ನೂ ನೀನು ನನಗೆ ತಪ್ಪು ಹೇಳಿದೆ."

ಶಾಂತವ್ವ ಅದೇನೆಂದು ಕೇಳಿದರು. ಹೇಳಿದೆ. ಆಕೆ ಹೋಗಿ ಡೋರೀನ್‌ಳ ಪಕ್ಕ ಸ್ವಲ್ಪ ಜಾಗ ಬಿಟ್ಟು ಕೂತರು. ವಾಣಿಶ್ರೀ ನೀರು ತಂದಿಟ್ಟಳು. ಐದು ಗಂಟೆಗೆ ಪಾದ್ರಿ ಬಂದು ಕರೆದರು. ಮಗ ಸಾಯುವುದನ್ನು ನೋಡಲು ಡೋರೀನ್ ಹೋದಳು. ತಾನು ಅಲ್ಲಿರುವುದು ಅವನಿಗೆ ಕಾಣಲಿ ಎಂದಳು.

ನಾವು ಜೈಲಿನ ಕೆಂಪು ಗೋಡೆಯ ಎದುರಿನ ಬೀದಿಯಲ್ಲಿ ನಿಂತೆವು. ಹತ್ತು ಹನ್ನೆರಡು ಜನ ಮರಣದಂಡನೆ ಬೇಡವೆಂಬ ಫಲಕ ಹಿಡಿದಿದ್ದರು. ರಸ್ತೆಯ ಆಚೆ ಪಿಕಪ್ ಟ್ರಕ್ಕಿಗೆ ಒರಗಿ ಒಬ್ಬ ನಿಂತಿದ್ದ, ಅವನ ಫಲಕದಲ್ಲಿ ಈರಣ್ಣನ ಹೆಸರಿತ್ತು, ಅದರ ಕಾಗುಣಿತವೂ ತಪ್ಪಿತ್ತು. ಅವನು ಈರಣ್ಣನನ್ನು ಕಂಡವನಲ್ಲ. ಅಲ್ಲಿಯೇ ನಿಂತಿದ್ದ ಹೆಂಗಸು ಈರಣ್ಣನ ಹೆಂಡತಿ ಎಂದು ಅವನಿಗೆ ಗೊತ್ತಿರಲಿಲ್ಲ. ಶಾಂತವ್ವ ಹಣೆಯ ವಿಭೂತಿ ಮುಟ್ಟಿಕೊಂಡು ಕಣ್ಣು ಮುಚ್ಚಿದ್ದರು. ಆರೂವರೆಗೆ ಯಾರೋ ಬಂದು, ಆಯಿತು ಎಂದರು.

ಅಲ್ಲಿಂದ ಎರಡು ಮೈಲಿ ದೂರದ ಶವಾಗಾರಕ್ಕೆ ದೇಹ ತರುತ್ತಾರೆ. ಮನೆಯವರು ಕೂಡಲೇ ಹೋದರೆ ಮುಟ್ಟಲು ಬಿಡುತ್ತಾರೆ. ಈ ವ್ಯವಸ್ಥೆ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಬದುಕಿದ್ದವನನ್ನು ಮುಟ್ಟಲು ಬಿಡದವರು ಸತ್ತ ಮೇಲೆ ಬಿಡುತ್ತಾರೆ. ಡೋರೀನ್ ಕಾರಿನಿಂದ ಇಳಿದು ಬಾಗಿಲ ತನಕ ಬಂದು ಅಲ್ಲಿಯೇ ನಿಂತುಬಿಟ್ಟಳು. ಹಿಂದೆ ತಿರುಗಿ ಶಾಂತವ್ವನ ಕಡೆ ಕೈ ಚಾಚಿದಳು. ಶಾಂತವ್ವ ಹೋಗಿ ಆ ಕೈ ಹಿಡಿದುಕೊಂಡರು. ನಾನೂ ಹಿಂದೆ ಹೆಜ್ಜೆ ಹಾಕಿದೆ.

"ನೀವು ಇಲ್ಲೇ ಇರ್ರಿ," ಎಂದರು ಶಾಂತವ್ವ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬಿಳಿಯ ಹೊದಿಕೆಯೊಳಗಿನ ಅವನ ಮುಖ ಕಂಡಿತು. ನಾನು ಅವನನ್ನು ಫೋಟೋದಲ್ಲಲ್ಲದೆ ನೋಡಿದ್ದು ಅದೇ ಮೊದಲು. ನಡುಹರೆಯ ಮುಟ್ಟುತ್ತಿದ್ದ, ಕೂದಲು ತೆಳ್ಳಗಾಗಿದ್ದ, ಸಾಧಾರಣ ಮನುಷ್ಯ. ಡೋರೀನ್ ಎರಡೂ ಅಂಗೈಯಲ್ಲಿ ಅವನ ಕೆನ್ನೆ ಹಿಡಿದಳು. ಕಿವಿ ಮುಟ್ಟಿದಳು, ಕತ್ತು ಮುಟ್ಟಿದಳು. ಶಾಂತವ್ವ ಅವನ ಪಾದದ ಮೇಲೆ ಕೈಯಿಟ್ಟರು. ತಮ್ಮ ಗಂಡನನ್ನು ಕೊಂದವನ ಪಾದ ಅದು.

"ಹೀ ಈಸ್ ಸ್ಟಿಲ್ ವಾರ್ಮ್," ಎಂದಳು ಡೋರೀನ್.

"ಇನ್ನೂ ಬೆಚ್ಚಗದಾನ್ರೀ," ಎಂದರು ಶಾಂತವ್ವ, ಅವಳ ಮಾತು ಮುಗಿಯುವ ಮೊದಲೇ.

ಇಬ್ಬರೂ ಆಡಿದ್ದು ಒಂದೇ ಮಾತು. ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸಲು ಅವರು ನನ್ನನ್ನು ಕರೆಯಲಿಲ್ಲ. ನಾನು ಬಾಗಿಲಾಚೆ ನಿಂತು, ಬಾಯಿಗೆ ಕೈ ಒತ್ತಿಕೊಂಡು, ಅವರಿಗೆ ಕೇಳಿಸದ ಹಾಗೆ ಅತ್ತೆ.